ಬೆಳಕಿನ ಚುಕ್ಕಿ ನಿಂತ ಹೊತ್ತು

ಮಾಗಡಿ ರಸ್ತೆಯ ಮಂಜಿನಲ್ಲಿ ಡಾಕ್ಟರ ಕಾರು ಎತ್ತಿನ ಗಾಡಿಗಳ ಹಿಂದೆ ತಾನೂ ಒಂದು ಗಾಡಿಯಂತೆ ಸಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ನಾನು. ಪಕ್ಕದಲ್ಲಿ, ತಗ್ಗುದಿಣ್ಣೆಗೆ ಅಲುಗದಂತೆ ಒಂದು ಕೈಯಿಂದ ತಬ್ಬಿ ಹಿಡಿದಿದ್ದ ಮರದ ಪೆಟ್ಟಿಗೆ. ಹಾರ್ಮೋನಿಯಮ್ಮಿಗಿಂತ ತುಸು ದೊಡ್ಡದು, ಭಾರದಲ್ಲಿ ಅದರ ಎರಡರಷ್ಟು. ಹೃದಯದ ಮಿಡಿತವನ್ನು ಗೆರೆಯಾಗಿ ಬರೆಯುವ ಇ.ಸಿ.ಜಿ. ಯಂತ್ರ ಅದು. ನಮ್ಮ ಆಸ್ಪತ್ರೆಯಲ್ಲಿ ಅಂಥವು ಎರಡಿದ್ದವು. ಒಂದು ಗೋಡೆಯ ಕರೆಂಟಿನಿಂದ ನಡೆಯುವುದು, ಕೋಣೆ ಬಿಟ್ಟು ಕದಲದು. ಇದು ಬ್ಯಾಟರಿಯದು, ಕರೆಂಟಿಲ್ಲದ ಕಡೆಗೆ ಹೊತ್ತೊಯ್ಯುವಂಥದು. ಎರಡನ್ನೂ ನೋಡಿಕೊಳ್ಳುತ್ತಿದ್ದವಳು ನಾನೇ. ಆಗ ನನಗೆ ಇಪ್ಪತ್ತಮೂರು ವರ್ಷ.

ಅದು ಐವತ್ತರ ದಶಕ ಮುಗಿಯುತ್ತಿದ್ದ ಕಾಲ, ಒಂದು ಭಾನುವಾರ. ರಾಜಾಜಿನಗರದ ಹೊಸ ಮನೆಗಳ ಸಾಲು ಹಿಂದೆ ಉಳಿದ ಮೇಲೆ ಎರಡೂ ಕಡೆ ರಾಗಿ ಕೊಯ್ದ ಹೊಲಗಳು, ನಡುನಡುವೆ ಇಟ್ಟಿಗೆ ಗೂಡುಗಳು. ಗೂಡುಗಳ ಹೊಗೆ ಮೇಲೇರಲಾರದೆ ಮಂಜಿನ ಕೆಳಗೇ ಹರಡಿಕೊಂಡಿತ್ತು. ಹೊಲ ಯಾವುದು, ಹೊಗೆ ಯಾವುದು ತಿಳಿಯದ ಆ ಬೂದು ಬಣ್ಣದಲ್ಲಿ ಸಾಗುವಾಗ ನನಗೆ ಇನ್ನೂ ಪೂರ್ತಿ ಎಚ್ಚರವಾಗಿಲ್ಲವೇನೋ ಅನ್ನಿಸುತ್ತಿತ್ತು. ಡಾಕ್ಟರು ಮುಂದೆ ಕೂತು ರೋಗಿಯ ವಿಷಯ ಹೇಳುತ್ತಾ ಬಂದರು. ಸುಂಕದಕಟ್ಟೆಯಲ್ಲಿ ಇಟ್ಟಿಗೆ ಗೂಡು ನಡೆಸುವ ಹೆಂಗಸು, ಐವತ್ತು ದಾಟಿದ ವಯಸ್ಸು, ಗಂಡನಿಲ್ಲ. ಎಂಟು ದಿನದಿಂದ ಕೂತಲ್ಲೇ ಮೂರ್ಛೆ ಹೋಗುತ್ತಾಳೆ, ಕೆಲವೇ ಕ್ಷಣದಲ್ಲಿ ಏಳುತ್ತಾಳೆ. ಹಿಂದಿನ ದಿನ ಆಸ್ಪತ್ರೆಗೆ ಕರೆತರಲು ಗಾಡಿ ಹತ್ತಿಸಿದಾಗ ಎರಡು ಸಲ ಮೈ ನೀಲಿಗಟ್ಟಿದ್ದರಿಂದ, ಹೆದರಿದ ಅವಳ ತಮ್ಮ ಅಲ್ಲಿಂದಲೇ ಮನೆಗೆ ತಿರುಗಿಸಿಕೊಂಡು ಹೋಗಿದ್ದ. ಆಮೇಲೆ ಸೈಕಲ್ ತುಳಿದುಕೊಂಡು ಒಬ್ಬನೇ ಬಂದು ಡಾಕ್ಟರ ಮುಂದೆ ನಿಂತಿದ್ದ. ಅವಳನ್ನು ತರಲಾಗದಿದ್ದರೆ ಯಂತ್ರವನ್ನೇ ಒಯ್ಯೋಣ ಎಂದು ಡಾಕ್ಟರು ತೀರ್ಮಾನಿಸಿದ್ದರು.

ಊರಿನ ತನಕ ಕರೆಂಟಿನ ಕಂಬಗಳು ಬಂದಿದ್ದವು, ತಂತಿ ಬಂದಿರಲಿಲ್ಲ. ಹೆಂಚಿನ ಮನೆ, ಅಂಗಳದ ತುಂಬ ಒಣಹಾಕಿದ ಹಸಿ ಇಟ್ಟಿಗೆ. ಆಕೆಯ ತಮ್ಮ ಬಂದು ಪೆಟ್ಟಿಗೆಯನ್ನು ಕೆಳಗಿಳಿಸಿ, ದೇವರ ಪಲ್ಲಕ್ಕಿಗೆ ಹೆಗಲು ಕೊಟ್ಟವನ ಹಾಗೆ ಮೆಲ್ಲಗೆ ನಡೆದು ಒಳಗೆ ತಂದಿಟ್ಟ.

ಆಕೆ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಎತ್ತರದ ಮೈಕಟ್ಟು, ಅಂಗೈಗೆಲ್ಲ ಕೆಮ್ಮಣ್ಣು ಹಿಡಿದು ಕಾಯಂ ಬಣ್ಣವಾಗಿ ಹೋಗಿತ್ತು. ಡಾಕ್ಟರು ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದರು. ಇಪ್ಪತ್ತೆಂಟು. ಎರಡನೇ ಸಲವೂ ಅಷ್ಟೇ. ನಾನು ಕಿಟಕಿಗಳಿಗೆ ಕಂಬಳಿ ಕಟ್ಟಿಸಿ, ಬಾಗಿಲು ಮುಚ್ಚಿಸಿ ಕೋಣೆಯನ್ನು ಕತ್ತಲು ಮಾಡಿದೆ. ಯಂತ್ರದೊಳಗೆ ಒಂದು ಸಣ್ಣ ಕನ್ನಡಿ, ಅದರ ಮೇಲೆ ಬೀಳುವ ದೀಪದ ಕಿರಣ. ಹೃದಯ ಮಿಡಿದಾಗ ಕನ್ನಡಿ ಕದಲುತ್ತದೆ. ಆ ಕಿರಣ ಉರುಳುವ ಫೋಟೋ ಕಾಗದದ ಮೇಲೆ ಗೆರೆ ಬರೆಯುತ್ತದೆ. ಕಾಗದವನ್ನು ತೊಳೆಯುವ ತನಕ ಗೆರೆ ಕಾಣದು. ಆದರೆ ಪೆಟ್ಟಿಗೆಯ ಮುಖದಲ್ಲಿ ಬೆರಳುದ್ದದ ಮಸುಕು ಗಾಜಿದೆ. ಬೆಳಕಿನ ಚುಕ್ಕಿ ಅದರ ಮೇಲೆ ಕುಣಿಯುವುದು ಆಗಿಂದಾಗಲೇ ಕಾಣುತ್ತದೆ.

ಉಪ್ಪುನೀರಿನಲ್ಲಿ ನೆನೆಸಿದ ಫ್ಲಾನೆಲ್ ಬಟ್ಟೆಯನ್ನು ಎರಡು ಕೈಗೂ ಎಡಗಾಲಿಗೂ ಸುತ್ತಿ, ಅದರ ಮೇಲೆ ಲೋಹದ ತಗಡಿಟ್ಟು ರಬ್ಬರ್ ಪಟ್ಟಿ ಬಿಗಿದೆ. ಬಟ್ಟೆ ತಣ್ಣಗಿತ್ತೇನೋ, ಆಕೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

“ನೋವಾಗಲ್ಲಮ್ಮ, ಸುಮ್ನೆ ಮಲಗಿರಿ ಅಷ್ಟೆ,” ಎಂದೆ.

ಸ್ವಿಚ್ಚು ಹಾಕಿ ಅಳತೆಯ ಗುಂಡಿ ಒತ್ತಿದೆ. ಆ ಗುಂಡಿ ಒತ್ತಿದರೆ ಚುಕ್ಕಿ ಸರಿಯಾಗಿ ಒಂದು ಸೆಂಟಿಮೀಟರ್ ನೆಗೆಯಬೇಕು. ನೆಗೆಯಿತು. ಆಮೇಲೆ ಆಕೆಯ ಹೃದಯವನ್ನು ಒಳಬಿಟ್ಟೆ. ಆ ಕತ್ತಲಲ್ಲಿ ಎಲ್ಲರೂ ಉಸಿರು ಹಿಡಿದು ಮಸುಕು ಗಾಜನ್ನು ನೋಡಿದೆವು. ಚುಕ್ಕಿ ಮೊದಲು ಚಿಕ್ಕದಾಗಿ ಉಬ್ಬಿ ಇಳಿಯಿತು, ಮತ್ತೆ ಉಬ್ಬಿತು, ಮತ್ತೊಮ್ಮೆ. ತುಂಬ ಹೊತ್ತಾದ ಮೇಲೆ, ಯಾರೋ ನೆನಪಿಸಿದ ಹಾಗೆ, ಒಂದು ದೊಡ್ಡ ನೆಗೆತ. ಮತ್ತೆ ಅದೇ ಚಿಕ್ಕ ಉಬ್ಬುಗಳು.

ಹೃದಯದ ಮೇಲಿನ ಕೋಣೆಗಳು ನಿಮಿಷಕ್ಕೆ ಎಪ್ಪತ್ತರಂತೆ ಬಡಿಯುತ್ತಿವೆ, ಕೆಳಗಿನವು ಅದನ್ನು ಕೇಳಿಸಿಕೊಳ್ಳದೆ ತಮ್ಮ ಪಾಡಿಗೆ ಇಪ್ಪತ್ತೆಂಟರಂತೆ ಬಡಿಯುತ್ತಿವೆ, ನಡುವಿನ ದಾರಿ ಕಡಿದುಹೋಗಿದೆ ಎಂದು ಡಾಕ್ಟರು ಮೆಲ್ಲಗೆ ವಿವರಿಸಿದರು. ಇಂದು ಇಂಥ ಎದೆಗೆ ಕೊರಳ ಎಲುಬಿನ ಕೆಳಗೆ ಪೇಸ್‌ಮೇಕರ್ ಕೂರಿಸುತ್ತಾರೆ. ವರ್ಷಗಳ ಮೇಲೆ ಅದರ ಬ್ಯಾಟರಿ ಕುಗ್ಗಿದರೆ ಚರ್ಮ ಬಿಡಿಸಿ ಹೊಸದನ್ನಿಟ್ಟು ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಅಂದು ನಮ್ಮೂರಿನಲ್ಲಿ ಅಂಥದೊಂದು ವಸ್ತುವಿನ ಹೆಸರನ್ನೂ ಯಾರೂ ಕೇಳಿರಲಿಲ್ಲ. ಇದ್ದದ್ದು ಚುಚ್ಚುಮದ್ದು ಮತ್ತು ಮಾತ್ರೆ. ಅದರಲ್ಲೂ ಒಂದು ಇಕ್ಕಟ್ಟಿತ್ತು. ಮೂರ್ಛೆ ಬಂದಾಗ ಕೆಳಗಿನ ಕೋಣೆಗಳು ಪೂರಾ ನಿಂತುಬಿಡುತ್ತಿರಬಹುದು. ಆಗ ಅಡ್ರಿನಲಿನ್ ಕೊಟ್ಟರೆ ಎಚ್ಚರಗೊಳ್ಳುತ್ತವೆ. ಇಲ್ಲವೇ ಬಡಿಯಲಾರದೆ ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿರಬಹುದು. ಆಗ ಅದೇ ಮದ್ದು ಪ್ರಾಣ ತೆಗೆಯುತ್ತದೆ. ಎರಡರಲ್ಲೂ ನಾಡಿ ಸಿಕ್ಕುವುದಿಲ್ಲ. ಹೊರಗಿನಿಂದ ಎರಡೂ ಒಂದೇ. ಮೂರ್ಛೆಯ ಹೊತ್ತಿನಲ್ಲಿ ತೆಗೆದ ಗೆರೆ ಮಾತ್ರ ಬೇರೆ ಮಾಡಿ ತೋರಿಸಬಲ್ಲದು.

ಹಾಗಾಗಿ ಕಾಯತೊಡಗಿದೆವು. ಯಂತ್ರವನ್ನು ಆರಿಸುವಂತಿರಲಿಲ್ಲ. ಆರಿಸಿದರೆ ಅದರೊಳಗಿನ ಮೂರು ವಾಲ್ವುಗಳು, ರೇಡಿಯೋದಲ್ಲಿರುವಂಥ ಗಾಜಿನ ಬುರುಡೆಗಳು, ತಣ್ಣಗಾಗುತ್ತವೆ, ಮತ್ತೆ ಕಾದು ಸ್ಥಿರವಾಗಲು ಹೊತ್ತು ಬೇಕು, ಅಷ್ಟರಲ್ಲಿ ಮೂರ್ಛೆ ಬಂದು ಹೋಗಿರುತ್ತದೆ. ಕಂಬಳಿಯ ತೂತುಗಳಿಂದ ಬಂದ ಬಿಸಿಲಿನ ಎಳೆಗಳು ಗೋಡೆಯ ಮೇಲೆ ಸರಿಯುತ್ತಿದ್ದವು. ಹೊರಗೆ ಯಾರೋ ಮಣ್ಣು ತುಳಿಯುವ ಸದ್ದು, ಒಂದೇ ಲಯ. ಚುಕ್ಕಿಯನ್ನು ನೋಡುತ್ತಾ ನೋಡುತ್ತಾ ನನಗೆ ಆ ಸದ್ದು ಗಾಜಿನಿಂದಲೇ ಬರುತ್ತಿರುವಂತೆ ತೋರಿತು. ಅರ್ಧ ಗಂಟೆಯೋ, ಇನ್ನೂ ಹೆಚ್ಚೋ ಕಳೆದಿರಬೇಕು.

ಆಕೆಯ ಕೈ ಸಡಿಲವಾಯಿತು. ಡಾಕ್ಟರು “ನಾಡಿ ಇಲ್ಲ” ಎಂದರು. ನಾನು ಕಾಗದ ಓಡಿಸುವ ಕೀಲು ಬಿಟ್ಟೆ. ಗಾಜಿನ ಮೇಲೆ ಚುಕ್ಕಿ ನಿಂತುಬಿಟ್ಟಿತ್ತು. ಉಬ್ಬಿಲ್ಲ, ನಡುಕವಿಲ್ಲ, ತೂಗುಹಾಕಿದ ಮಣಿಯ ಹಾಗೆ ಒಂದೇ ಕಡೆ. ಡಾಕ್ಟರು ಮುಷ್ಟಿ ಕಟ್ಟಿ ಎದೆಯ ಮೇಲೆ ಗುದ್ದಿದರು. ಇನ್ನೊಮ್ಮೆ ಗುದ್ದಿದ ಮೇಲೆ ಆಕೆಯ ಮುಖಕ್ಕೆ ರಕ್ತ ನುಗ್ಗಿತು, ದೊಡ್ಡ ಉಸಿರೊಂದು ಬಂತು. ಚುಕ್ಕಿ ಮತ್ತೆ ಕದಲಿತು. ಬಾಗಿಲ ಬಳಿ ನಿಂತಿದ್ದ ತಮ್ಮ ಗೋಡೆಗೆ ಒರಗಿ ಕುಸಿದು ಕೂತ.

“ನಿಂತೇ ಹೋಗ್ತಿದೆ. ಅನುಮಾನ ಇಲ್ಲ,” ಎಂದು ಡಾಕ್ಟರು ಮದ್ದಿನ ತಟ್ಟೆಯ ಕಡೆ ತಿರುಗಿ, ಸಿರಿಂಜಿಗೆ ಅರ್ಧ ಸಿ.ಸಿ. ಅಡ್ರಿನಲಿನ್ ಎಳೆದುಕೊಳ್ಳತೊಡಗಿದರು. ಮುಂದಿನ ಮೂರ್ಛೆ ಬರುವ ಮೊದಲೇ ಮದ್ದು ಒಳಗೆ ಹೋಗಿರಬೇಕಿತ್ತು.

ನನ್ನ ಕಣ್ಣು ಮಾತ್ರ ಗಾಜಿನ ಮೇಲೇ ಇತ್ತು. ಹಿಂತಿರುಗಿದ ಆ ದೊಡ್ಡ ನೆಗೆತ ಈಗ ಅಷ್ಟು ದೊಡ್ಡದಿರಲಿಲ್ಲ. ದಣಿದ ಹೃದಯ ಎಂದುಕೊಳ್ಳಬಹುದಿತ್ತು. ಆದರೆ ನಡುವಿನ ಚಿಕ್ಕ ಉಬ್ಬುಗಳೇ ಇರಲಿಲ್ಲ. ನಾನು ಅಳತೆಯ ಗುಂಡಿ ಒತ್ತಿದೆ. ಒಂದು ಸೆಂಟಿಮೀಟರ್ ನೆಗೆಯಬೇಕಾದ ಚುಕ್ಕಿ ಅದರ ಕಾಲು ಭಾಗಕ್ಕೇ ತಡವರಿಸಿ ನಿಂತಿತು.

ಬ್ಯಾಟರಿ ಕುಗ್ಗಿತ್ತು. ದೀಪಕ್ಕೆ ಬೇರೆ ಸೆಲ್ಲುಗಳಿದ್ದುದರಿಂದ ಚುಕ್ಕಿಯ ಬೆಳಕೇನೋ ಪ್ರಖರವಾಗಿಯೇ ಇತ್ತು. ಮಿಡಿತವನ್ನು ಹಿಗ್ಗಿಸಿ ತೋರಿಸುವ ವಾಲ್ವುಗಳ ಬ್ಯಾಟರಿ ಸದ್ದಿಲ್ಲದೆ ಸೋತುಹೋಗಿತ್ತು. ಹಿಂದಿನ ಸಂಜೆ ನಾನು ಅದನ್ನು ಪರೀಕ್ಷಿಸಿದ್ದೆ. ಸ್ವಿಚ್ಚು ಹಾಕಿ, ಗುಂಡಿ ಒತ್ತಿ, ಸರಿಯಾಗಿ ನೆಗೆದದ್ದನ್ನು ನೋಡಿ, ತಕ್ಷಣ ಆರಿಸಿ, ಪುಸ್ತಕದಲ್ಲಿ ‘ಸರಿ ಇದೆ’ ಎಂದು ಬರೆದಿದ್ದೆ. ಹಳೆಯ ಬ್ಯಾಟರಿ ಒಂದು ರಾತ್ರಿ ಸುಧಾರಿಸಿಕೊಂಡರೆ ಮೊದಲ ನಿಮಿಷ ಹೊಸದರ ಹಾಗೆಯೇ ನಡೆಯುತ್ತದೆ. ಕಾಲು ಗಂಟೆ ಉರಿಸಿ ನೋಡಬೇಕೆಂದು ಯಂತ್ರದ ಕೈಪಿಡಿಯಲ್ಲೇ ಇತ್ತು. ಶನಿವಾರ, ಮನೆಗೆ ಹೋಗುವ ಆತುರ. ನೋಡಿರಲಿಲ್ಲ.

ಈಗ ಕಂಡದ್ದು ನಿಂತ ಹೃದಯವೋ, ಸೋತ ಬ್ಯಾಟರಿಯೋ ಹೇಳುವಂತಿರಲಿಲ್ಲ. ಒಳಗೆ ನಡುಕವಿದ್ದಿದ್ದರೂ ಈ ಯಂತ್ರ ಅದನ್ನು ಹೀಗೇ ನೇರ ಗೆರೆಯಾಗಿಯೇ ತೋರಿಸುತ್ತಿತ್ತು. ಆ ಕತ್ತಲಲ್ಲಿ ಇದನ್ನು ತಿಳಿದವಳು ನಾನೊಬ್ಬಳೇ. ಡಾಕ್ಟರು ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಹಿರಿಯರು, ಅವರ ಅಂದಾಜು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೂ ಅವರ ಅಂದಾಜೇ ನಿಜವಾಗಬಹುದು ಎಂದು ಒಂದು ದನಿ ಒಳಗೆ ಹೇಳಿತು. ಅದು ಎಷ್ಟು ಹಿತವಾಗಿತ್ತೆಂದು ಇವತ್ತಿಗೂ ನೆನಪಿದೆ. ಡಾಕ್ಟರು ಸಿರಿಂಜನ್ನು ಬೆಳಕಿನ ಎಳೆಗೆ ಹಿಡಿದು ಗಾಳಿಗುಳ್ಳೆ ತೆಗೆಯುತ್ತಿದ್ದರು.

“ಸಾರ್, ಆ ಗೆರೆ ನಂಬಬೇಡಿ,” ಎಂದೆ.

ಅವರು ತಿರುಗಿದರು. ಗುಂಡಿ ಒತ್ತಿ ತೋರಿಸಿದೆ. ಬ್ಯಾಟರಿ ಹೋಗಿದೆ, ನಿನ್ನೆ ಒಂದು ನಿಮಿಷವೂ ಉರಿಸಿ ನೋಡಿರಲಿಲ್ಲ, ತಪ್ಪು ನನ್ನದು ಎಂದು ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಬೈಯಲಿಲ್ಲ. ಸಿರಿಂಜನ್ನು ತಟ್ಟೆಯಲ್ಲಿಟ್ಟು ಅದರ ಮೇಲೆ ಬಟ್ಟೆ ಮುಚ್ಚಿದರು.

“ಮತ್ತೆ ಏನ್ ಮಾಡೋಣಮ್ಮ?” ಎಂದು ಕೇಳಿದರು. ನಿಜವಾಗಿಯೂ ನನ್ನನ್ನೇ ಕೇಳುತ್ತಿದ್ದರು.

ಭಾನುವಾರ, ಆಸ್ಪತ್ರೆಯ ಸ್ಟೋರಿಗೆ ಬೀಗ, ಕೀಲಿ ಇದ್ದವರು ಊರಲ್ಲಿಲ್ಲ. ಪೇಟೆಯ ಅಂಗಡಿಗಳು ತೆರೆಯುವುದು ಮರುದಿನ. ಕಾರಿನ ಬ್ಯಾಟರಿ ಆಗುವುದಿಲ್ಲ. ಈ ವಾಲ್ವುಗಳಿಗೆ ಒಂದೂವರೆ ವೋಲ್ಟಿನದೊಂದು, ತೊಂಬತ್ತು ವೋಲ್ಟಿನದೊಂದು ಬೇಕು ಎಂದು ನಾನು ಹೇಳುತ್ತಿದ್ದೆ. ಕುಸಿದು ಕೂತಿದ್ದ ತಮ್ಮ ಸಂಕೋಚದಿಂದ ನಡುವೆ ಬಾಯಿ ಹಾಕಿದ. ಪಂಚಾಯ್ತಿ ಕೋಣೆಯ ರೇಡಿಯೋಗೆ ಹೊಸ ಬ್ಯಾಟರಿ ಬಂದು ವಾರವೂ ಆಗಿಲ್ಲ, ಅದೂ ಒಣ ಬ್ಯಾಟರಿಯೇ, ಇಟ್ಟಿಗೆ ಮೂರು ಜೋಡಿಸಿದಷ್ಟು ದಪ್ಪ ಇದೆ ಎಂದ. ನಾನು ಎದ್ದು ನಿಂತೆ. ಹಳ್ಳಿಯ ರೇಡಿಯೋಗಳೂ ಇದೇ ಜಾತಿಯ ವಾಲ್ವುಗಳಿಂದ ನಡೆಯುವುದು ನನಗೆ ಗೊತ್ತಿತ್ತು.

ಕೋಣೆಯ ಬೀಗದಕೈ ಊರಿನ ಶಾಲೆಯ ಮೇಷ್ಟರ ಬಳಿ ಇತ್ತು. ಸಂಜೆಯ ವಾರ್ತೆ ಕೇಳಲು ಊರೆಲ್ಲ ಬಂದು ಕೂರುತ್ತಾರೆ ಎಂದು ಅವರು ಒಂದು ಕ್ಷಣ ತಡೆದರು. ತಮ್ಮ ಅವರನ್ನೇ ನೋಡುತ್ತಾ ನಿಂತ. ಮೇಷ್ಟರು ಬೀಗ ತೆಗೆದರು.

“ಒಂದಿನ ವಾರ್ತೆ ಕೇಳ್ದಿದ್ರೆ ಊರೇನೂ ಮುಳುಗಲ್ಲ, ತಗೊಂಡೋಗಮ್ಮ,” ಎಂದು ತಾವೇ ಅದನ್ನು ಹೊತ್ತು ನಮ್ಮ ಜೊತೆ ಬಂದರು.

ರಟ್ಟಿನ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಅಂಕಿಗಳನ್ನು ಅವರು ಲಾಟೀನಿನ ಬೆಳಕಿಗೆ ಹಿಡಿದು ಓದಿದರು. ತೊಂಬತ್ತು, ಒಂದೂವರೆ. ಎರಡೂ ಒಂದೇ ಪೆಟ್ಟಿಗೆಯಲ್ಲಿ. ಆದರೆ ಸಿಕ್ಕಿಸುವ ಮೊಳೆಗಳು ಬೇರೆ. ನಮ್ಮ ಯಂತ್ರದ ತಂತಿ ಅದಕ್ಕೆ ಹೊಂದುತ್ತಿರಲಿಲ್ಲ. ಯಂತ್ರದ ತಂತಿ ಕತ್ತರಿಸುವ ಅಧಿಕಾರ ನನಗಿರಲಿಲ್ಲ. ಡಾಕ್ಟರ ಮುಖ ನೋಡಿದೆ, ಅವರು ತಲೆಯಾಡಿಸಿದರು. ಕುಡುಗೋಲಿನ ತುದಿಯಿಂದ ತಂತಿ ಕತ್ತರಿಸಿ, ಮೇಲಿನ ರಬ್ಬರನ್ನು ಹಲ್ಲಿನಿಂದ ಕಚ್ಚಿ ಎಳೆದೆ. ನಾಲ್ಕು ತುದಿಗಳು. ತೊಂಬತ್ತರದು ಒಂದೂವರೆಯ ಜಾಗಕ್ಕೆ ಅಪ್ಪಿತಪ್ಪಿ ತಗುಲಿದರೆ ಮೂರು ವಾಲ್ವೂ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಬೇರೆ ವಾಲ್ವುಗಳಿರಲಿಲ್ಲ. ಮೇಷ್ಟರು ಪಾಠ ಒಪ್ಪಿಸಿದಂತೆ ಅಂಕಿ ಓದುತ್ತಿದ್ದರು, ನಾನು ಅದನ್ನೇ ಮತ್ತೆ ಹೇಳಿ, ಬೆರಳಿನಿಂದ ತಂತಿಯನ್ನು ಹಿಂಬಾಲಿಸಿ, ಆಮೇಲೆ ತಿರುಚುತ್ತಿದ್ದೆ. ಮೊದಲು ಒಂದೂವರೆ. ವಾಲ್ವುಗಳ ಒಳಗೆ ಮಂಕಾದ ಕೆಂಪು ಮೂಡಿತು. ಆಮೇಲೆ ತೊಂಬತ್ತು.

ಈ ನಡುವೆ ಒಂದು ಮೂರ್ಛೆ ಬಂದು ಹೋಯಿತು. ಡಾಕ್ಟರು ಗುದ್ದಿ ಎಬ್ಬಿಸಿದರು. ಆಕೆ ಏಳಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಹೊಸದಾಗಿ ಜೋಡಿಸಿದ ಯಂತ್ರವನ್ನು ನೇರವಾಗಿ ಆಕೆಯ ಮೈಗೆ ಹಚ್ಚಲು ನನಗೆ ಧೈರ್ಯ ಬರಲಿಲ್ಲ. ಎಲ್ಲಾದರೂ ತಂತಿ ತಪ್ಪಿದ್ದರೆ ಕರೆಂಟು ಆ ಎದೆಗೆ ಹೋಗಬಾರದು. ಪಟ್ಟಿಗಳನ್ನು ಬಿಚ್ಚಿ ನನ್ನ ಕೈಕಾಲಿಗೇ ಕಟ್ಟಿಕೊಂಡೆ. ತಮ್ಮನನ್ನೂ ಮೇಷ್ಟರನ್ನೂ ದೂರ ನಿಲ್ಲಿಸಿ ಸ್ವಿಚ್ಚು ಹಾಕಿದೆ. ಏನೂ ಆಗಲಿಲ್ಲ. ಗಾಜಿನ ಮೇಲೆ ಚುಕ್ಕಿ ಎದ್ದಿತು. ಚಿಕ್ಕ ಉಬ್ಬು, ಅದರ ಬೆನ್ನಿಗೇ ದೊಡ್ಡ ನೆಗೆತ. ಚಿಕ್ಕದು, ದೊಡ್ಡದು. ಹೆದರಿದ ಹೃದಯವಾದ್ದರಿಂದ ಓಡುತ್ತಿತ್ತು. ಎರಡು ವರ್ಷ ಊರಿನವರ ಹೃದಯಗಳನ್ನೆಲ್ಲ ನೋಡಿದ್ದ ನಾನು ನನ್ನದನ್ನು ನೋಡಿದ್ದು ಅದೇ ಮೊದಲು. ಅದು ನನ್ನದೆಂದು ನಂಬಿಕೆ ಬರಲಿಲ್ಲ. ಮಂಜಿನ ಆಚೆ ರಸ್ತೆಯಲ್ಲಿ ಯಾರೋ ಕಂದೀಲು ಹಿಡಿದು ಓಡುತ್ತಿರುವ ಹಾಗಿತ್ತು. ಅದನ್ನೇ ನೋಡುತ್ತಾ ಕೂರಬಹುದಿತ್ತು. ಡಾಕ್ಟರು ಕೆಮ್ಮಿದರು.

ಕಾಲು ಗಂಟೆ ಉರಿಸಿ ಮತ್ತೆ ಗುಂಡಿ ಒತ್ತಿದೆ. ಪೂರ್ತಿ ಒಂದು ಸೆಂಟಿಮೀಟರ್. ಪಟ್ಟಿಗಳನ್ನು ಆಕೆಗೆ ಕಟ್ಟಿದೆ. ಚಿಕ್ಕ ಉಬ್ಬುಗಳು ಹಿಂತಿರುಗಿದ್ದವು.

ಮಧ್ಯಾಹ್ನ ಎರಡರ ಸುಮಾರಿಗೆ ಆಕೆಯ ಕಣ್ಣು ಮೇಲಾಯಿತು. ಕೀಲು ಬಿಟ್ಟೆ. ದೊಡ್ಡ ನೆಗೆತ ನಿಂತಿತು. ನಡುಕ ಎಲ್ಲಿಯೂ ಇರಲಿಲ್ಲ. ಆದರೆ ಗೆರೆ ಖಾಲಿಯಾಗಿರಲಿಲ್ಲ. ಆ ಚಿಕ್ಕ ಉಬ್ಬು ಮೂಡಿತು, ಮತ್ತೊಂದು ಮೂಡಿತು, ಒಂದೇ ಅಂತರದಲ್ಲಿ ಒಂದಾದ ಮೇಲೊಂದು. ಕೆಳಗಿನ ಕೋಣೆ ಮಲಗಿಬಿಟ್ಟಿದ್ದರೂ ಮೇಲಿನ ಕೋಣೆ ಬಾಗಿಲು ತಟ್ಟುತ್ತಲೇ ಇತ್ತು. ನಾನು ಗಟ್ಟಿಯಾಗಿ ಎಣಿಸಿದೆ. ಏಳು, ಎಂಟು, ಒಂಬತ್ತು. ಡಾಕ್ಟರು ಎದೆಗೆ ಗುದ್ದಿದರು, ಸಿರಿಂಜಿನ ಮೇಲಿನ ಬಟ್ಟೆ ತೆಗೆದು ತೋಳಿಗೆ ಚುಚ್ಚಿದರು, ಅಲ್ಲೇ ತಿಕ್ಕಿದರು. ಹದಿನಾಲ್ಕನೆಯ ಉಬ್ಬಿನ ಬೆನ್ನಿಗೆ ದೊಡ್ಡ ನೆಗೆತ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮದ್ದು ಏರುತ್ತಿದ್ದಂತೆ ಅವುಗಳ ನಡುವಿನ ಅಂತರ ಕಿರಿದಾಗುತ್ತಾ ಬಂತು. ನಿಮಿಷಕ್ಕೆ ನಲವತ್ತು ದಾಟಿತು.

ಸಂಜೆಯ ತನಕ ಅಲ್ಲೇ ಇದ್ದೆವು. ಮತ್ತೆ ಮೂರ್ಛೆ ಬರಲಿಲ್ಲ. ಡಾಕ್ಟರು ದಿನಕ್ಕೆ ಮೂರರಂತೆ ಎಫೆಡ್ರಿನ್ ಮಾತ್ರೆ ಬರೆದುಕೊಟ್ಟು, ಎದೆಗೆ ಹೇಗೆ ಗುದ್ದಬೇಕೆಂದು ತಮ್ಮನಿಗೆ ದಿಂಬಿನ ಮೇಲೆ ತೋರಿಸಿಕೊಟ್ಟರು. ಹಿಂತಿರುಗುವ ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು. ಪುಸ್ತಕದಲ್ಲಿ ‘ಸರಿ ಇದೆ’ ಎಂದು ಬರೆದದ್ದನ್ನು ಹೊಡೆದುಹಾಕದೆ, ಅದರ ಕೆಳಗೆ ನಡೆದದ್ದನ್ನು ಬರೆ ಎಂದು. ಹಾಗೇ ಬರೆದೆ.

ಅಂದು ಅವರ ಅಂದಾಜು ನಿಜವೇ ಆಗಿತ್ತು. ನಾನು ಸುಮ್ಮನಿದ್ದಿದ್ದರೂ ಅದೇ ಮದ್ದು ಬೆಳಿಗ್ಗೆಯೇ ಮೈಗೆ ಹೋಗುತ್ತಿತ್ತು, ಆಕೆಗೆ ಎರಡು ಮೂರ್ಛೆ ತಪ್ಪುತ್ತಿದ್ದವು. ಈ ಲೆಕ್ಕ ನನ್ನನ್ನು ಬಹಳ ದಿನ ಕಾಡಿತು.

ಎರಡು ವಾರದ ಮೇಲೆ, ತೊಳೆದು ಒಣಗಿಸಿದ ಗೆರೆಯ ಒಂದು ಪ್ರತಿ ಹಿಡಿದು ಸುಂಕದಕಟ್ಟೆಗೆ ಬಸ್ಸಿನಲ್ಲಿ ಹೋದೆ. ಪಂಚಾಯ್ತಿ ರೇಡಿಯೋಗೆ ಆಸ್ಪತ್ರೆಯಿಂದ ಹೊಸ ಬ್ಯಾಟರಿ ಕೊಟ್ಟು ಬರುವುದೂ ಇತ್ತು. ಆಕೆ ಗೂಡಿನ ಬಳಿ ಹೊಂಗೆಯ ನೆರಳಿನಲ್ಲಿ ಕೂತು ಕೆಲಸ ಮಾಡಿಸುತ್ತಿದ್ದರು. ಗೆರೆಯನ್ನು ಮೊಳಕಾಲ ಮೇಲೆ ಹರಡಿಕೊಂಡು, ನೆಗೆತವಿಲ್ಲದ ಆ ಉದ್ದದ ಜಾಗದ ಮೇಲೆ ಬೆರಳಾಡಿಸಿದರು.

“ಇಷ್ಟುದ್ದ ನಾನು ಇರ್ಲಿಲ್ವಾ?”

“ಇದ್ರಿ. ಇಲ್ನೋಡಿ, ಈ ಸಣ್ಣ ಸಣ್ಣ ಅಲೆ.”

ಒಂದೊಂದನ್ನೂ ಮುಟ್ಟಿ ನೋಡಿದರು. ಆ ಹೊತ್ತಿನಲ್ಲಿ ಯಾರೋ ಬಹಳ ದೂರದಿಂದ ತನ್ನನ್ನು ಕೂಗುತ್ತಿದ್ದರು, ನೀರಿನ ಕೆಳಗೆ ಇದ್ದ ಹಾಗೆ, ಓಗೊಡಬೇಕೆಂದರೂ ಬಾಯಿ ಬರುತ್ತಿರಲಿಲ್ಲ ಎಂದರು. ಭಯವೇನೂ ಆಗಲಿಲ್ಲವಂತೆ. ತಣ್ಣಗಿತ್ತಂತೆ.

ನಾನು ಬ್ಯಾಟರಿಯ ಕತೆಯನ್ನು ಹೇಳಿಬಿಟ್ಟೆ. ಡಾಕ್ಟರು ಅವರಿಗೆ ತಿಳಿಸಿರಲಿಲ್ಲ. ನನ್ನ ಅವಸರದಿಂದ ನಿಮಗೆ ಎರಡು ಮೂರ್ಛೆ ಹೆಚ್ಚು ಬಂತು ಎಂದೆ. ಆಕೆ ಎದುರಿನ ಗೂಡನ್ನು ನೋಡುತ್ತಾ ಕೂತಿದ್ದರು. ಮಣ್ಣು ಮೆತ್ತಿ ಮುಚ್ಚಿದ ಅದರ ಮೈಯಿಂದ ಬಿಸಿ ಗಾಳಿ ಏಳುತ್ತಿತ್ತು, ಅದರ ಆಚೆಗಿನ ಮರಗಳು ತೇಲುತ್ತಿದ್ದವು.

“ಗೂಡು ಮುಚ್ಚುದ್ಮೇಲೆ ಒಳಗೆ ಬೆಂಕಿ ಅದೆಯೋ ಆರೋಯ್ತೋ ಮೇಲಿಂದ ಕಾಣಕಿಲ್ಲ ಕಣವ್ವ,” ಎಂದರು. “ಒಂದ್ಸಲ ಆರೋಗದೆ ಅಂತ ನಂಬ್ಕೊಂಡು ತೆಗುಸ್ಬುಟ್ಟೆ. ಒಳಗಿನ್ನೂ ಕೆಂಡ. ತಣ್ಣನ್ ಗಾಳಿ ನುಗ್ಗಿ ಒಂದ್ ಇಟ್ಟಿಗೆನೂ ಉಳೀಲಿಲ್ಲ. ನಮ್ಮೆಜಮಾನ್ರು ಆಗಿನ್ನೂ ಇದ್ರು. ಅವ್ರಿಗೆ ನಾನು ಹೇಳ್ಲೇ ಇಲ್ಲ. ಮಣ್ಣು ಸರಿ ಇರ್ಲಿಲ್ಲ ಅಂದ್ಬುಟ್ಟೆ.”

ಆಕೆ ಗೆರೆಯನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು ಮರಕ್ಕೆ ಒರಗಿ ಕಣ್ಣು ಮುಚ್ಚಿದರು. ತುಸು ಹೊತ್ತು ಅಲುಗಲಿಲ್ಲ. ನನಗೆ ಗೊತ್ತಿಲ್ಲದೆಯೇ ನನ್ನ ಬೆರಳುಗಳು ಆ ಕೆಮ್ಮಣ್ಣಿನ ಮಣಿಕಟ್ಟಿನ ಮೇಲೆ ಹೋಗಿ ಕೂತಿದ್ದವು.

ಆಕೆ ಕಣ್ಣು ತೆರೆಯಲಿಲ್ಲ.

“ಇಲ್ಲೇ ಇವ್ನಿ ಕಣವ್ವ,” ಎಂದರು.